ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಅನುಭವ: ಒಂದು ಆಳವಾದ ಅಧ್ಯಯನ

ಹೆರಿಗೆ ಆಸ್ಪತ್ರೆಯ ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಹೋದದ್ದು ದುರಸ್ತಿಯ ವಿಷಯವಲ್ಲ, ಸಂಶೋಧನೆಯ ವಿಷಯವೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ದುರಸ್ತಿಗೆ ಹಣ ಬಂದಿರಲಿಲ್ಲ, ಸಂಶೋಧನೆಗೆ ಬಂದಿತ್ತು.

ಒಳಗಿದ್ದವನು ಬಡಗಿ. ಅಂಥಿಂಥ ಬಡಗಿಯಲ್ಲ, ಅವನು ಉಜ್ಜಿದ ಹಲಗೆಯ ಮೇಲೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಮೂರನೇ ಮಹಡಿಯಲ್ಲಿ ಮಗಳು ಹೆತ್ತಿದ್ದಳು. ಮೊದಲ ಮೊಮ್ಮಗುವಿನ ಮುಖ ನೋಡಲು ಹೊರಟವನು ನಡುವೆ ನೇತಾಡುತ್ತಿದ್ದ.

"ಬಾಗಿಲು ತೆಗೀರಪ್ಪೋ!"

ಬಾಗಿಲ ಸಂದಿಯಿಂದ ಮೈಕು ಇಳಿಯಿತು. ಹಿಂದೆಯೇ ಸಂಶೋಧಕಿಯ ದನಿ: "ಸಿಕ್ಕಿಕೊಂಡಾಗ ಏನನ್ನಿಸ್ತು, ಹೇಳಿ ಅಣ್ಣ."

"ಹೊರಗೆ ಬರ್ಬೇಕು ಅನ್ನಿಸ್ತು ಕಣಮ್ಮ."

"ಚೆನ್ನಾಗಿ ಹೇಳಿದ್ರಿ. ಇನ್ನೂ ಸ್ವಲ್ಪ ಆಳಕ್ಕೆ ಹೋಗೋಣ್ವಾ?"

"ಆಳ ಬೇಡ ತಾಯಿ, ನಾನು ಮೇಲಕ್ಕೆ ಹೋಗ್ಬೇಕು!"

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಓಡಿಬಂದ. ಮೆಟ್ಟಿಲಲ್ಲೇ ಅವನನ್ನು ತಡೆದು ನಿಯಮ ಓದಲಾಯಿತು: ಅಧ್ಯಯನಕ್ಕೆ ಒಳಪಟ್ಟವರ ಸಹಜ ಸ್ಥಿತಿಯನ್ನು ಯಾರೂ ಕದಡತಕ್ಕದ್ದಲ್ಲ. ಹೊಸ ಮಾತು ಬರುವುದು ನಿಲ್ಲುವ ತನಕ ಸಂದರ್ಶನ ನಿಲ್ಲಿಸತಕ್ಕದ್ದಲ್ಲ.

ಬಡಗಿ ಕಿವಿಗೊಟ್ಟು ಕೇಳಿಸಿಕೊಂಡ. ಆಮೇಲೆ ಹೇಳಿದ್ದನ್ನೇ ಹೇಳಿದ. "ಬಾಗಿಲು ತೆಗೀರಿ" ಬಿಟ್ಟರೆ ಬೇರೆ ಮಾತಿಲ್ಲ. ಕೂಗಿ ಕೂಗಿ ಗಂಟಲು ಒಡೆದು ದನಿ ಬದಲಾಯಿತು. ಸಂಶೋಧಕಿ ಅದನ್ನು ಹೊಸ ಮಾಹಿತಿ ಎಂದು ಬರೆದುಕೊಂಡಳು.

ಅಷ್ಟರಲ್ಲಿ ಅಧ್ಯಯನದ ಮುಖ್ಯಸ್ಥರಾದ ಪ್ರೊಫೆಸರರು ಆಕ್ಷೇಪಣೆ ಎತ್ತಿದರು. ಒಬ್ಬನೇ ಇದ್ದರೆ ಗುಂಪು ಚರ್ಚೆ ಹೇಗಾದೀತು? ಜನ ತುಂಬುವ ಸಲುವಾಗಿ ಲಿಫ್ಟು ಇಳಿಸಲು ನಿಯಮದಲ್ಲಿ ಅವಕಾಶವಿತ್ತು. ಮೆಕ್ಯಾನಿಕ್ ಒಂದೇ ಬೋಲ್ಟು ತಿರುಗಿಸಿದ; ಲಿಫ್ಟು ನೆಲಕ್ಕಿಳಿದು ಬಾಗಿಲು ತೆರೆಯಿತು. ವಾಚ್‌ಮನ್, ಔಷಧಿ ಅಂಗಡಿಯವನು, ಇಬ್ಬರು ನರ್ಸಮ್ಮಂದಿರು ಒಳಹೊಕ್ಕರು.

ಎದುರಿಗೇ ಬಡಗಿಯ ಹೆಂಡತಿ, ಕೈಯಲ್ಲಿ ಬಟ್ಟೆ ಸುತ್ತಿದ ಮಗು. "ರೀ, ಮೊಮ್ಮಗಳು! ಮೂಗು ನಿಮ್ಮದೇ."

ಬಡಗಿ ಹೊರಗಿಡಲು ಕಾಲೆತ್ತಿದ.

"ಅಣ್ಣ, ಒಳಗೆ ಬರೋಕೆ ನಿಯಮ ಇದೆ. ಹೊರಗೆ ಹೋಗೋಕೆ ಇಲ್ಲ," ಎಂದಳು ಸಂಶೋಧಕಿ.

"ನಾನು ಒಪ್ಪಿಕೊಂಡೇ ಇಲ್ವಲ್ಲಮ್ಮ!"

"ಅದನ್ನೂ ಬರ್ಕೊಂಡಿದೀವಿ."

ಅವನು ಹೆಂಡತಿಯ ಮುಖ ನೋಡಿದ.

"ಅಷ್ಟೊಂದು ಓದಿದೋರು ಸುಮ್ಸುಮ್ನೆ ಹೇಳ್ತಾರಾ? ಎಲ್ಲಿ ಹೋದ್ರೂ ನಿಮ್ದೊಂದು ತಕರಾರು. ಕಾಲು ಒಳಗಿಡಿ," ಎಂದು ಮಗುವನ್ನೂ ಅವನ ಕೈಗಿತ್ತಳು.

ಲಿಫ್ಟು ಮತ್ತೆ ಏರಿ ಎರಡು ಮೂರರ ನಡುವೆ ಶಿಸ್ತಾಗಿ ನಿಂತಿತು. ಮಗು ಕಿಟಾರನೆ ಕಿರುಚಿತು. ಇಷ್ಟು ಪ್ರಾಮಾಣಿಕವಾದ ಉತ್ತರ ತಮ್ಮ ವೃತ್ತಿಯಲ್ಲೇ ಸಿಕ್ಕಿರಲಿಲ್ಲವೆಂದು ಪ್ರೊಫೆಸರರು ಕಣ್ಣೊರೆಸಿಕೊಂಡರು.

ಮಗುವಿಗೆ ಹಾಲು ಕುಡಿಸಬೇಕಿದ್ದ ಮಗಳಿಗೆ ಮುಂದಿನ ಗುಂಪಿನಲ್ಲಿ ಜಾಗ ಕೊಡುವುದಾಗಿ ಪ್ರಕಟಿಸಲಾಯಿತು. ಅವಳು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಸರದಿಯಲ್ಲಿ ನಿಂತಳು. ಹಿಂದಿದ್ದವರು, ಬಾಣಂತಿ ಅಂತ ನುಗ್ಗಬೇಡಮ್ಮ, ನಾವೂ ಸಿಕ್ಕಿಹಾಕಿಕೊಳ್ಳಬೇಕು ಎಂದರು.