ಅಕ್ಕನ ಕಾಯಕ, ನನ್ನ ಹಗ್ಗ

ನಮ್ಮ ಅಕ್ಕನ ತಲೆ ಸರಿಯಾಗಿಯೇ ಇದೆ. ಆದರೆ ಅದು ಸರಿಯಾಗಿ ಕೆಲಸ ಮಾಡುವುದು ಕೆಳಗಾದಾಗ ಮಾತ್ರ! ನೆಲದ ಮೇಲೆ ನೆಟ್ಟಗೆ ನಿಂತಿದ್ದಾಗ ಆಕೆ ಒಲೆ ಮೇಲಿಟ್ಟ ಹಾಲು ಮರೆಯುತ್ತಾಳೆ, ಹಣೆಯ ಮೇಲಿರುವ ಕನ್ನಡಕ ಹುಡುಕುತ್ತಾಳೆ, ಒಮ್ಮೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನೇ ಮರೆತು ಮನೆಗೆ ಬಂದಿದ್ದಾಳೆ. ಅದೇ ನೀರಿನೊಳಗೆ ತಲೆ ಕೆಳಗೆ ಕಾಲು ಮೇಲೆ ಆಗಿ ಜೋತಾಡುವಾಗ ನೋಡಬೇಕು! ಎಲ್ಲವೂ ನೆನಪಿರುತ್ತದೆ, ಎಲ್ಲವನ್ನೂ ಸಾಲಾಗಿ ಮಾಡುತ್ತಾಳೆ. ಇಂಥವರನ್ನು ನೆಟ್ಟಗೆ ನಿಲ್ಲಿಸಿದ್ದೇ ದೇವರ ತಪ್ಪಲ್ಲವೇ?

ಅಕ್ಕ ಬಸವನ ಬಾಗೇವಾಡಿಯ ಒಂದು ಸಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಊರಿಗೆಲ್ಲ ಆಕೆ ‘ಪೀಟಿ ಅಕ್ಕೋರು’, ನನಗೆ ಬರೀ ಅಕ್ಕ. ನಾನು ಏಳನೇ ಇಯತ್ತೆಗೇ ಸಾಲೆಗೆ ಶರಣು ಹೊಡೆದು ಪಂಕ್ಚರ್ ಅಂಗಡಿ ಇಟ್ಟವನು. ಹವಾ ತುಂಬುವುದು, ಟ್ಯೂಬಿಗೆ ತೇಪೆ ಹಚ್ಚುವುದು, ಇಷ್ಟೇ ನನ್ನ ವಿದ್ಯೆ.

ಒಂದು ವರ್ಷ ಅಕ್ಕ ಸಾಲೆಯ ಹುಡುಗಿಯರನ್ನು ಕರೆದುಕೊಂಡು ದಾಂಡೇಲಿಗೆ ಹೋದಳು. ಅಲ್ಲಿಂದ ಮಂದಿ ಜೇನುತುಪ್ಪ ತರುತ್ತಾರೆ. ನಮ್ಮಕ್ಕ ಒಂದು ಹಳೆಯ ಕಯಾಕ್ ತಂದಳು! ಒಬ್ಬರೇ ಕೂರುವ ಪ್ಲಾಸ್ಟಿಕ್ ದೋಣಿ. ಎರಡೂ ತುದಿ ಚೂಪು, ನಡುವೆ ಒಂದು ತೂತು. ಆ ತೂತಿನಲ್ಲಿ ಸೊಂಟದವರೆಗೆ ಇಳಿದು, ಬಂಡೆಗಳ ನಡುವೆ ನೊರೆಗಟ್ಟಿ ನುಗ್ಗುವ ನೀರಿನಲ್ಲಿ ಹುಟ್ಟು ಹಾಕುತ್ತಾ ಹೋಗಬೇಕಂತೆ. ಯಾಕೆ ಹೋಗಬೇಕು ಅಂತ ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ.

ಅದು ಟಂಟಂ ಆಟೋದ ಮೇಲೆ ನನ್ನ ಅಂಗಡಿಯ ಮುಂದೆ ಬಂದಿಳಿದಾಗ ಮಂದಿ ಸೇರಿದರು. ಎದುರಿನ ಚಹಾದಂಗಡಿಯ ಕಾಕಾ ಅದರ ಸುತ್ತ ಎರಡು ಸಲ ಸುತ್ತಿದ.

“ಏನೋ ಇದು? ದನಕ್ಕ ನೀರು ಕುಡಸೋ ಡೋಣ್ಯೇನು?”

“ಅಲ್ರಿ ಕಾಕಾ, ಕಯಾಕ್ ಅಂತ್ರಿ.”

“ಕಾಯಕ?”

“ಕಾಯಕ ಅಲ್ರೀ. ಕಯಾಕ್!”

“ಅದ ಪಾ, ಕಾಯಕ. ಇದರಾಗ ಕುಂತು ಹೊಳಿಗಿ ಇಳದ್ರ ಸೀದಾ ಕೈಲಾಸನ ನೋಡು!”

ಬಸವಣ್ಣ ಹುಟ್ಟಿದ ಊರಿನಲ್ಲಿ ಕಾಯಕ ಎಂಬ ಮಾತಿಗೆ ಎಷ್ಟು ಬೆಲೆ! ಅವತ್ತಿನಿಂದ ಅದರ ಹೆಸರೇ ‘ಅಕ್ಕೋರ ಕಾಯಕ’ ಆಯಿತು. ಭಾನುವಾರ ಯಾರಾದರೂ ಮನೆಗೆ ಬಂದರೆ ನಮ್ಮವ್ವ, “ಅಕಿ ಕಾಯಕಕ್ಕ ಹೋಗ್ಯಾಳ್ರಿ” ಅನ್ನುತ್ತಿದ್ದಳು. ಕೇಳಿದವರು ಭಕ್ತಿಯಿಂದ ತಲೆದೂಗುತ್ತಿದ್ದರು.

ಅವ್ವನಿಗೂ ಆ ದೋಣಿ ಬಂದದ್ದು ಅನುಕೂಲವೇ ಆಯಿತು. ಮಾಳಿಗೆ ಮೇಲೆ ಅದರೊಳಗೆ ಕೆಂಪು ಮೆಣಸಿನಕಾಯಿ ತುಂಬಿಟ್ಟಳು. ಇಲಿ ಬರುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಅಕ್ಕ ಕಾಯಿಯನ್ನೆಲ್ಲ ಸುರುವಿ, ಒಂದು ಸಲ ಒರೆಸಿ, ಕೊಲ್ಹಾರದ ಹಿನ್ನೀರಿಗೆ ಒಯ್ದಳು. ಬೀಜ ಎಲ್ಲಿ ಹೋಗಬೇಕು? ದೋಣಿ ಮೊದಲ ಸಲ ಮಗುಚಿದ್ದೇ ತಡ, ಆಕೆ ಕಣ್ಣು ಮೂಗು ಹಿಡಿದುಕೊಂಡು ಮೇಲೆದ್ದು ಕೂಗಿದಳು: “ತಮ್ಮಾ, ಹೊಳಿ ಉರ್ಯಾಕತ್ತೈತೋ!”

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ನನ್ನನ್ನು ಕೇಳಿದ, “ಅಕ್ಕೋರು ಮೀನಕ್ಕ ಮಸಾಲಿ ಹೊಳ್ಯಾಗನ ಹಾಕತಾರೇನ್ರಿ?”

ಆಮೇಲೆ ಅಭ್ಯಾಸಕ್ಕೆ ಇಂಡಿ ಹತ್ತಿರದ ನಮ್ಮ ಸೋದರಮಾವನ ನಿಂಬೆ ತೋಟಕ್ಕೆ ಹೋದೆವು. ಅಲ್ಲಿನ ಕೃಷಿ ಹೊಂಡದಲ್ಲಿ ಅಕ್ಕ ಬೇಕಂತಲೇ ಮಗುಚಿ, ತನ್ನನ್ನು ತಾನೇ ಉಳಿಸಿಕೊಳ್ಳುವುದನ್ನು ಕಲಿಯಬೇಕಿತ್ತು. ದೋಣಿಯೊಳಗೆ ನೀರು ಬರಬಾರದು ಅಂತ ಸೊಂಟಕ್ಕೆ ಲಂಗದ ಹಾಗೆ ಒಂದು ರಬ್ಬರ್ ಪರಕಾರ ಕಟ್ಟಿ, ಅದರ ಅಂಚನ್ನು ತೂತಿನ ಸುತ್ತ ಬಿಗಿಯಬೇಕು. ಅದನ್ನು ನಾನೇ ಹಳೆಯ ಟ್ರ್ಯಾಕ್ಟರ್ ಟ್ಯೂಬಿನಲ್ಲಿ ಮಾಡಿಕೊಟ್ಟಿದ್ದೆ. ಹನಿ ನೀರು ಒಳಗೆ ಹೋಗದ ಹಾಗೆ ಕೂತಿತು. ಅಕ್ಕ ಹೊರಗೆ ಬರದ ಹಾಗೆಯೂ ಕೂತಿತು!

“ಮಗುಚಿದ್ರ ಗಾಬರಿ ಆಗಬಾರ್ದು. ಮೂರು ಎಣಸಬೇಕು. ಮುಂದಕ್ಕ ಬಗ್ಗಬೇಕು. ಪರಕಾರದ ಪಟ್ಟಿ ಜಗ್ಗಬೇಕು. ಹೊರಗ ಬರಬೇಕು,” ಎಂದು ನಮಗೆ ಪಾಠ ಹೇಳಿ ಮಗುಚಿದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಮಾವ ಧೋತರದ ಸಮೇತ ಹೊಂಡಕ್ಕೆ ಹಾರಿ ದೋಣಿಯನ್ನು ಹೊರಳಿಸಿದ. ಅಕ್ಕ ಕೆಮ್ಮಿ ಕೆಮ್ಮಿ ಹೇಳಿದಳು: “ಮೂರಲ್ಲ ಮಾವಾ, ಮೂವತ್ತೊಂದು ಎಣಿಸೀನಿ.”

“ನಾ ಈ ಹೊಂಡದಾಗ ಮೀನ ಬಿಡಬೇಕಂತ ಮಾಡೀನಿ, ಸೊಸಿನ್ನಲ್ಲ!” ಅಂತ ಮಾವ ಧೋತರ ಹಿಂಡಿದ.

ಪರಕಾರವನ್ನು ನಾನು ಸಡಿಲ ಮಾಡಿದೆ. ಅಕ್ಕ ನೂರಾರು ಸಲ ಮಗುಚಿದಳು, ನೂರಾರು ಸಲ ಎದ್ದಳು. ಈಗ ನನಗೂ ಒಂದು ಕೆಲಸ ಕೊಟ್ಟಳು. ದಂಡೆಯ ಮೇಲೆ ಹಗ್ಗ ಹಿಡಿದು ನಿಲ್ಲುವುದು. ಈಜು ಬಾರದವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ?

“ನಾ ಕೂಗಿದ ಕೂಡ್ಲೆ ಒಗಿ. ಒಗದು ಕೆಳಗ ಕುಂದ್ರು. ಹಗ್ಗ ಸೊಂಟದ ಹಿಂದಿಂದ ಸುತ್ಗೋ. ನೀರು ಎಷ್ಟ ಜಗ್ಗಿದ್ರೂ ಬಿಡಬ್ಯಾಡ.”

“ಬಿಡ್ತೇನೇನಬೇ? ಟ್ರ್ಯಾಕ್ಟರ್ ಟಾಯರ್ ಎತ್ತೋ ಕೈ ಇವು!”

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಮುದ್ದೇಬಿಹಾಳ ದಾಟಿ, ತಂಗಡಗಿ ಕಡೆ, ಕೃಷ್ಣೆ ಬಂಡೆಗಳ ನಡುವೆ ಇರುಕಿಕೊಂಡು ಹರಿಯುವ ಒಂದು ಜಾಗ. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಅಕ್ಕ ಎರಡು ಬಂಡೆ ದಾಟಿದಳು, ಮೂರನೆಯದಕ್ಕೆ ಮಗುಚಿದಳು. ನಾನು ಎಣಿಸಿದೆ. ಮೂರಕ್ಕೆ ಸರಿಯಾಗಿ ಹೊರಗೆ ಬಂದಳು! ದೋಣಿ ಒಂದು ಕಡೆ, ಆಕೆ ಒಂದು ಕಡೆ. “ಹಗ್ಗಾ!” ಎಂದು ಕಿರುಚಿದಳು. ಒಗೆದೆ. ನನ್ನ ಜನ್ಮದಲ್ಲೇ ಅಷ್ಟು ಚೆಂದ ಏನನ್ನೂ ಒಗೆದಿಲ್ಲ. ಸೀದಾ ಆಕೆಯ ಕೈಗೇ ಹೋಯಿತು.

ಆದರೆ ಖುಷಿಯಲ್ಲಿ ನಾನು ಕೂರುವುದನ್ನೇ ಮರೆತೆ.

ಸೆಳವು ಒಮ್ಮೆ ಜಗ್ಗಿತು. ಪಾಚಿಯ ಮೇಲೆ ನನ್ನ ಕಾಲು ಜಾರಿತು, ನೀರು ಒಂದು ಗೇಣು ದೂರಕ್ಕೆ ಬಂತು. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಬಿಟ್ಟೆ.

ಇಷ್ಟು ಬರೆಯುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು.

ಅಕ್ಕ ತಾನೇ ಉಳಿದುಕೊಂಡಳು. ಹೊರಸಿನ ಮೇಲೆ ಮಲಗಿದವರಂತೆ ಅಂಗಾತಾಗಿ, ಪಾದ ಮುಂದೆ ಮಾಡಿ, ಬಂಡೆಗಳನ್ನು ಒದ್ದು ಒದ್ದು ತೇಲಿಹೋಗಿ, ಬಹಳ ಕೆಳಗೆ ನೀರು ಶಾಂತವಾಗಿರುವ ಕಡೆ ಈಜಿ ದಡ ಹತ್ತಿದಳು. ನಾನು ಓಡಿ ಮುಟ್ಟುವಷ್ಟರಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಮುಂದಿನ ಹಲ್ಲು ಅರ್ಧ ಹೋಗಿತ್ತು. ಬಾಯಿ ತುಂಬ ರಕ್ತ. ಕಾಲ ಬಳಿ ದೋಣಿಯೂ ಬಂದು ಬಂಡೆಗೆ ಆತುಕೊಂಡಿತ್ತು, ಮಾಲೀಕಳನ್ನು ಹುಡುಕಿಕೊಂಡು ಬಂದ ಎಮ್ಮೆಯ ಹಾಗೆ.

ಮನೆಯಲ್ಲಿ ಅವ್ವ ನನ್ನ ಕಡೆ ತಿರುಗುವ ಮೊದಲೇ ಅಕ್ಕ ಹಗ್ಗದ ಒಂದು ತುಂಡು ಎತ್ತಿ ತೋರಿಸಿದಳು. “ಹಗ್ಗ ಹರೀತು ಯವ್ವಾ. ಅಂವ ಪಾಪ ಏನು ಮಾಡ್ತಾನ?”

ನಾನು ಬೆರಗಾದೆ. ಬಿಡುವಾಗ ಹಗ್ಗ ಇಡಿಯಾಗಿತ್ತಲ್ಲ! ಆಮೇಲೆ ಸಮಾಧಾನ ಮಾಡಿಕೊಂಡೆ. ಬಂಡೆಗೆ ಸಿಕ್ಕು ಹರಿದಿರಬೇಕು. ನಾನು ಬಿಡದಿದ್ದರೂ ಅದು ಹರಿದೇ ಹರಿಯುತ್ತಿತ್ತು! ಮನುಷ್ಯನ ಮನಸ್ಸು ತನಗೆ ತಾನೇ ಎಷ್ಟು ಚೆಂದ ತೇಪೆ ಹಚ್ಚಿಕೊಳ್ಳುತ್ತದೆ ನೋಡಿ. ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: “ಹಗ್ಗದ ಮಾಲ ಸುಮಾರ ಇತ್ರಿ. ಇಲ್ಲಂದ್ರ ನಾ ಬಿಡ್ತಿದ್ನೇನ್ರಿ?” ಕಾಕಾ ಮರುಗಿ ಚಹಾ ಕೊಡುತ್ತಿದ್ದ. ಕುಡಿಯುತ್ತಿದ್ದೆ.

ಆದರೆ ಆ ಹಲ್ಲು! ಅದು ಮುರಿದ ಮೇಲೆ ಅಕ್ಕ ‘ಸ’ ಅಂದರೆ ಸಾಕು, ಸಣ್ಣಗೆ ಸೀಟಿ ಬರುತ್ತದೆ. “ಸಾಲಿಗಿ ಹೋಗಿ ಬರ್ತೇನಿ” ಅಂದರೆ ಬಸ್ ಬಿಟ್ಟ ಹಾಗೆ. ಹುಡುಗಿಯರು ನಗುತ್ತಾರೆ, ಅಕ್ಕನೂ ನಗುತ್ತಾಳೆ. ನಾನು ಮಾತ್ರ ಎದ್ದು ಕಂಪ್ರೆಸರ್ ಚಾಲೂ ಮಾಡುತ್ತೇನೆ.

ಹೋದ ತಿಂಗಳು ದೋಣಿಯ ಮೂತಿಯಲ್ಲಿ ಸಣ್ಣ ಸೀಳು ಬಿದ್ದಿದೆ, ನೋಡು ಅಂದಳು. ಒಳಗೆ ಭುಜದವರೆಗೆ ಕೈ ಹಾಕಿದೆ. ತುದಿಯಲ್ಲಿ ಏನೋ ತುರುಕಿದ್ದು ಸಿಕ್ಕಿತು. ಎಳೆದೆ. ಹಗ್ಗದ ಇನ್ನೊಂದು ತುಂಡು.

ಹದಿನೆಂಟು ವರ್ಷದಿಂದ ಟ್ಯೂಬು ನೋಡುವವನು ನಾನು. ಹರಿದದ್ದು ಯಾವುದು, ಕೊಯ್ದದ್ದು ಯಾವುದು ಅಂತ ನನಗೆ ಬೇರೆಯವರು ಹೇಳಬೇಕೇ? ಜಗ್ಗಿ ಹರಿದ ಹಗ್ಗದ ತುದಿ ಕಸಬಾರಿಗೆಯ ಹಾಗೆ ಕೆದರಿರುತ್ತದೆ. ಇದು ಒಂದೇ ಸಮ ಇತ್ತು. ಅಕ್ಕನ ತೇಲುವ ಜಾಕೀಟಿನಲ್ಲಿ ಯಾವಾಗಲೂ ಒಂದು ಸಣ್ಣ ಚಾಕು ಇರುತ್ತದೆ. ಬಾಯಿ ತುಂಬ ರಕ್ತ ಇಟ್ಟುಕೊಂಡು, ನಾನು ಓಡಿ ಬರುವಷ್ಟರಲ್ಲಿ, ಆಕೆ ಮಾಡಿದ ಮೊದಲ ಕೆಲಸ ಅದು.

ತುಂಡು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾ, ಹಗ್ಗ ಹರದಿದ್ದಿಲ್ಲ. ನಾ ಬಿಟ್ಟೆ.”

ಆಕೆ ರೊಟ್ಟಿ ತಿರುವಿ ಹಾಕಿದಳು. “ಗೊತ್ತೈತಿ. ಆ ಕಡಿ ತುದಿಗಿ ನಾನ ಇದ್ನೆಲ್ಲೋ!”

“ಮತ್ತ ಯಾಕ ಹೇಳ್ಲಿಲ್ಲ?”

“ನಿನಗ ಈಜು ಬರೂದಿಲ್ಲ ಅಂತ ಗೊತ್ತಿದ್ದೂ ನಿಂದ್ರಿಸಿದಾಕಿ ಯಾರು?” ಸೀಟಿ ಬಂತು. ಆಕೆ ಇನ್ನೊಂದು ರೊಟ್ಟಿ ಬಡಿಯತೊಡಗಿದಳು. “ಆಯ್ತವಾರ ಹೊಂಡಕ್ಕ ಬಾ. ಎರಡೂ ತುಂಡು ತಗೊಂಬಾ.”

ಈಗ ಪ್ರತಿ ಭಾನುವಾರ ರಬ್ಬರ್ ಪರಕಾರ ಉಟ್ಟು ಮಗುಚುವವನು ನಾನು. ಮಾವ ನಿಂಬೆ ಗಿಡದ ಕೆಳಗೆ ಕೂತು ಜೋರಾಗಿ ಎಣಿಸುತ್ತಾನೆ. ಮೊದಲ ದಿನ ಮೂರು ಎಣಿಸುವ ಮೊದಲೇ ಗಾಬರಿಬಿದ್ದು ಹೊರಬಂದೆ, ಅರ್ಧ ಹೊಂಡ ಕುಡಿದೆ. ಕಣ್ಣು ಬಿಟ್ಟಾಗ ಕೈ ಪಕ್ಕದಲ್ಲಿ ಹಗ್ಗ ಬಿದ್ದಿತ್ತು. ಹಿಡಿದೆ. ಅದರ ನಡುವೆ ನಾನೇ ಹಾಕಿದ ಗಂಟು. ಆ ಕಡೆ ನೋಡಿದೆ. ದಂಡೆಯ ಮೇಲೆ ಅಕ್ಕ ಕೂತಿದ್ದಳು, ಹಗ್ಗವನ್ನು ಸೊಂಟದ ಹಿಂದಿನಿಂದ ಸುತ್ತಿಕೊಂಡು, ಎರಡೂ ಹಿಮ್ಮಡಿ ಮಣ್ಣಿನಲ್ಲಿ ಊರಿ.