ತಾನಾಗಿ ತಿರುಗುವ ಪ್ಯಾನೆಲ್

ಸ್ಟೋರ್ ಕೀಪರ್ ತಾರಸಿಯ ಬಾಗಿಲಿಗೆ ಬೀಗ ಹಾಕಿದ್ದೇ ತಪ್ಪಾಯಿತು.

ಹದಿನಾಲ್ಕು ವರ್ಷ ಸೋಲಾರ್ ಕಾರ್ಖಾನೆಯ ಗೋದಾಮಿನಲ್ಲಿ ನಟ್ಟು ಬೋಲ್ಟು ಎಣಿಸಿದ ಮನುಷ್ಯ ಅವನು. ಬಿಡುವಿನಲ್ಲಿ ತಲೆ ಓಡಿಸಿ, ಸೂರ್ಯ ಹೋದ ಕಡೆಗೆ ತಾನೇ ತಿರುಗುವ ಪ್ಯಾನೆಲ್ ಒಂದನ್ನು ಮನೆಯ ತಾರಸಿಯಲ್ಲಿ ಕಟ್ಟಿದ್ದ. ಮೋಟಾರಿಲ್ಲ, ಕರೆಂಟಿಲ್ಲ. ಎರಡು ಅಂಚಿಗೆ ಎರಡು ಕೊಳವೆ, ಒಳಗೆ ಬೇಗ ಆವಿಯಾಗುವ ದ್ರವ. ತಗಡಿನ ಮರೆಯಿಂದಾಗಿ ಸೂರ್ಯನಿಗೆ ದೂರದ ಕೊಳವೆಯೇ ಹೆಚ್ಚು ಬಿಸಿಯಾಗಿ, ದ್ರವ ಸೂರ್ಯನ ಕಡೆಗೆ ಓಡುತ್ತದೆ. ಭಾರ ಹೆಚ್ಚಾದ ಕಡೆಗೆ ಪ್ಯಾನೆಲ್ ತಕ್ಕಡಿಯ ಹಾಗೆ ವಾಲುತ್ತದೆ. ನಾಲ್ಕು ತಿಂಗಳಿಂದ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದಕ್ಕೆ ಅದು ಸೂರ್ಯನಿಗೆ ನೇರ ಮುಖ ಕೊಟ್ಟು ನಿಂತಿದ್ದನ್ನು ಮನೆಗೆ ಬಂದು ಬಂದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿದ್ದ. ಇಂದು ಕಾರ್ಖಾನೆಯ ದೊಡ್ಡ ಸಾಹೇಬರು ನೋಡಲು ಬರುತ್ತಿದ್ದರು. ಒಪ್ಪಿದರೆ ಅವನಿಗೆ ಡಿಸೈನ್ ವಿಭಾಗದಲ್ಲಿ ಮೇಜು, ಇಲ್ಲವಾದರೆ ಮತ್ತೆ ನಟ್ಟು ಬೋಲ್ಟು. ಸಾಹೇಬರ ಕೈಯಿಂದಲೇ ಬಾಗಿಲು ತೆಗೆಸಬೇಕೆಂದು ಹಿಂದಿನ ಸಂಜೆಯೇ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿದ್ದ.

ಆರೂವರೆಗೆ ಮಾವ ನೀರಿನ ಚೊಂಬು ಹಿಡಿದು ಬಂದರು. "ಅಳಿಯಂದ್ರೇ, ಕೀಲಿ ಕೊಡಿ. ಗಿಡಕ್ಕೆ ನೀರು ಹಾಕ್ಬೇಕು."

"ಒಂದಿನ ಬಿಟ್ರೆ ಗಿಡ ಸಾಯಲ್ಲ ಮಾವ."

ಏಳಕ್ಕೆ ಹೆಂಡತಿ. "ರೀ, ಬಟ್ಟೆ ಒಣಗ್ಹಾಕ್ಬೇಕು."

"ಕಿಟಕೀಲಿ ಹಾಕು."

ಎಂಟಕ್ಕೆ ಕೆಳಗಿನ ಮನೆಯ ಟೈಲರ್ ಹಾಜರು. "ಸಾರ್, ಆ್ಯಂಟೆನಾ ಸ್ವಲ್ಪ..."

"ನಿಮ್ಮನೇಲಿ ಟೀವೀನೇ ಇಲ್ವಲ್ರೀ!"

ಟೈಲರ್ ತಬ್ಬಿಬ್ಬಾದ. ಎಂಟೂವರೆಗೆ ಮಾವ ಸುತ್ತಿಗೆ ಹಿಡಿದು ಬೀಗದ ಮುಂದೆ ನಿಂತಿದ್ದು ಕಣ್ಣಿಗೆ ಬಿತ್ತು. ಇವತ್ತು ಎಲ್ಲರಿಗೂ ಏನಾಗಿದೆ ಎಂದು ಅವನು ರೇಗಿ, ಅವರನ್ನು ಕೈಹಿಡಿದು ಕೆಳಗೆ ಇಳಿಸಿದ.

ಒಂಬತ್ತಕ್ಕೆ ಸಾಹೇಬರು ಬಂದು ಬೀಗ ತೆಗೆದರು. ಸೂರ್ಯ ಪೂರ್ವದಲ್ಲಿದ್ದ. ಪ್ಯಾನೆಲ್ ಮುನಿಸಿಕೊಂಡ ನೆಂಟನ ಹಾಗೆ ಪಶ್ಚಿಮಕ್ಕೆ ಮುಖ ಮಾಡಿ ಕೂತಿತ್ತು. ಮಾವ, ಹೆಂಡತಿ, ಟೈಲರ್ ಮೂವರೂ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದರು.

"ನಂದೇ ತಪ್ಪು," ಎಂದರು ಮಾವ. "ಮೊದಲನೇ ವಾರ ಒಂದಿನ ಹೀಗೇ ನಿಂತಿತ್ತು. ನೀವು ನೋಟ್‌ಬುಕ್ ಹಿಡ್ಕೊಂಡು ಮೆಟ್ಟಿಲು ಹತ್ತೋ ಸದ್ದು ಕೇಳಿಸ್ತು. ಮನಸ್ಸು ತಡೀಲಿಲ್ಲ, ಒಂಚೂರು ತಳ್ಳಿದೆ. ಆಮೇಲೆ ದಿನಾ ಬೆಳಿಗ್ಗೆ..."

"ನೀವೂನಾ ಅಪ್ಪ?" ಹೆಂಡತಿ ಬೆರಗಾದಳು. "ಬೆಳಿಗ್ಗೆ ತಾನಾಗೇ ತಿರುಗತ್ತೆ, ಮಧ್ಯಾಹ್ನ ಮಾತ್ರ ಸೋಮಾರಿ ಆಗತ್ತೆ ಅಂದ್ಕೊಂಡು ನಾನು ಹನ್ನೆರಡಕ್ಕೆ ಬಂದು ತಳ್ತಿದ್ದೆ."

ಟೈಲರ್ ಕೆಮ್ಮಿದ. "ಸಂಜೆ ನಾಲ್ಕಕ್ಕೆ ನಾನು, ಸಾರ್. ಇವತ್ತು ಸಾಹೇಬ್ರು ಬರ್ತಾರಲ್ಲ ಅಂತ ಬೆಳಿಗ್ಗೇನೇ ಒಂದ್ಸಲ ನೋಡೋಣ ಅಂದ್ಕೊಂಡೆ."

ಸಾಹೇಬರು ನಗಲಿಲ್ಲ. "ಯಂತ್ರ ಚೆನ್ನಾಗಿದೆ. ಆದ್ರೆ ಪ್ಯಾನೆಲ್ ಜೊತೆ ಇಂಥಾ ಮನೆಯವರನ್ನೂ ನಾವು ಸಪ್ಲೈ ಮಾಡಕ್ಕಾಗಲ್ಲ," ಎಂದು ಅವನ ಬೆನ್ನು ತಟ್ಟಿ ಇಳಿದು ಹೋದರು. ಮಿಕ್ಕವರೂ ತಲೆ ತಗ್ಗಿಸಿ ತಮ್ಮ ತಮ್ಮ ಮೂಲೆ ಸೇರಿದರು.

ಅವನಿಗೆ ಸಿಟ್ಟು ಬರಲಿಲ್ಲ. ಮೂರು ಜನ ನಾಲ್ಕು ತಿಂಗಳು ತನಗಾಗಿ ಗುಟ್ಟಾಗಿ ಮೆಟ್ಟಿಲು ಹತ್ತಿದ್ದರು ಎಂದು ನೆನೆದು ಅಳು ಬಂತು. ಹನ್ನೊಂದಕ್ಕೆ ಯಂತ್ರವನ್ನು ಬಿಚ್ಚಿಬಿಡೋಣವೆಂದು ಸ್ಪ್ಯಾನರ್ ಹಿಡಿದು ಮೇಲೆ ಹೋದ.

ಪ್ಯಾನೆಲ್ ಸೂರ್ಯನಿಗೆ ನೇರ ಮುಖ ಕೊಟ್ಟು ನಿಂತಿತ್ತು.

ಅವನು ಕೆಳಗೆ ಬಂದ. "ಈಗ್ಲೂ ಬಿಡಲ್ವಾ ನೀವು? ಯಾರು ತಳ್ಳಿದ್ದು?"

"ನಿಮ್ಮಾಣೆ ನಾನಲ್ಲ," ಎಂದಳು ಹೆಂಡತಿ. ಮಾವ ದೇವರ ಮೇಲೆ ಆಣೆ ಇಟ್ಟರು. ಟೈಲರ್ ಹೊಲಿಗೆ ಮೆಷೀನು ಮುಟ್ಟಿ ಹೇಳಿದ.

ಮೂವರೂ ಹೇಳಿದ್ದು ನಿಜ. ಪಕ್ಕದ ಕಟ್ಟಡದ ನೆರಳು ಸರಿದು ಕೊಳವೆ ಬಿಸಿಯಾಗಿ ಪ್ಯಾನೆಲ್ ತಾನಾಗಿ ತಿರುಗಲು ಬೆಳಿಗ್ಗೆ ಹತ್ತಾದರೂ ಆಗಬೇಕಿತ್ತು. ಈ ನಾಲ್ಕು ತಿಂಗಳಲ್ಲಿ ಅದಕ್ಕೆ ಅಷ್ಟು ಹೊತ್ತು ಕೊಟ್ಟವರೇ ಇರಲಿಲ್ಲ.

"ಸಾಕು, ನಿಮ್ಮ ಪ್ರೀತಿ ನಂಗೆ ಗೊತ್ತು," ಎಂದು ಅವನು ಕಣ್ಣೊರೆಸಿಕೊಂಡು ಮೇಲೆ ಹೋಗಿ, ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ.