ಅಕ್ಕ ಬರುವವರೆಗಿನ ಗಡಿಗೆಗಳು

ನೆನಪನ್ನು ನಂಬಬಾರದೆಂದು ನಾನು ಧಾರವಾಡದಲ್ಲಿ ತರ್ಕಶಾಸ್ತ್ರ ಓದುವಾಗಲೇ ತೀರ್ಮಾನಿಸಿದ್ದೆ. ಹಾಗೆಂದು ನನ್ನ ನೆನಪು. ಆದರೂ ಒಂದು ನೆಲುವಿನ ಮೇಲೆ ಮಾತ್ರ ಎಂದೂ ಸಂಶಯಪಟ್ಟವನಲ್ಲ. ಶಿಗ್ಗಾಂವಿಯ ನಮ್ಮ ಅಡಿಗೆಮನೆಯ ಜಂತಿಗೆ ಕಟ್ಟಿದ ಹಗ್ಗದ ನೆಲುವು, ಅದರಲ್ಲಿ ಜಂತಿ ಮುಟ್ಟುವಂತೆ ಒಂದರ ಮೇಲೊಂದು ಕುಳಿತ ಮಣ್ಣಿನ ಗಡಿಗೆಗಳು. ಹತ್ತಿಮತ್ತೂರಿಗೆ ಮದುವೆಯಾಗಿ ಹೋದ ಅಕ್ಕ ಮೊದಲ ನಾಗರಪಂಚಮಿಗೆ ತವರಿಗೆ ಬರುವವರೆಗೆ ನಾನು ಅಳಬಾರದೆಂದು ಅವ್ವ ದಿನಕ್ಕೊಂದು ಗಡಿಗೆ ಇಳಿಸಿ ಕೊಡುತ್ತಿದ್ದಳು. ಒಂದರಲ್ಲಿ ಹುರಿಗಡಲೆ, ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ನವಿಲುಗರಿ. ನೆಲುವು ಗಿಡ್ಡವಾದಷ್ಟೂ ಅಕ್ಕ ಹತ್ತಿರ. ತಳದ ಗಡಿಗೆ ಇಳಿದ ದಿನ ಅಕ್ಕ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಆ ಬಾಗಿಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವ್ವ ಹೋದ ಮೇಲೆ ಅಕ್ಕನಿಗೆ ತವರೆಂದರೆ ಹಾನಗಲ್ಲಿನ ನನ್ನ ಮನೆಯೇ. ಈ ಸಲ ಪಂಚಮಿಗೆ ಅವಳು ಬರುವ ಸುದ್ದಿ ಬಂದದ್ದೇ ತಡ, ಕಾಯುವ ಸುಖ ನನ್ನ ಮಕ್ಕಳಿಗೂ ದಕ್ಕಲಿ ಎಂದು ನೆಲುವು ಕಟ್ಟಿದೆ.

"ಜಂತಿ ಮುಟ್ಟೂವಷ್ಟು ಗಡಿಗಿ ಇದ್ದೂ ಅಂತೀರಿ. ನಿಮ್ಮನಿ ಏನು ಕುಂಬಾರರ ಅಂಗಡಿ ಆಗಿತ್ತೇನ್ರಿ?" ಎಂದಳು ಹೆಂಡತಿ. ತರ್ಕಶಾಸ್ತ್ರ ಓದದವರು ಇಂಥ ಪ್ರಶ್ನೆ ಕೇಳಬಾರದು.

ಗಡಿಗೆ ಹೊಂದಿಸುವುದಕ್ಕಿಂತ ತುಂಬುವುದು ಕಷ್ಟ. ಬೆಲ್ಲ ಇಟ್ಟರೆ ಮಕ್ಕಳಿಗಿಂತ ಮೊದಲು ಇರುವೆಗಳು ಹಬ್ಬ ಮಾಡಿದವು. ಬಳಪ ಇಟ್ಟರೆ ಮಗ, "ಇದು ಸಾಲಿ ಸಾಮಾನು" ಎಂದು ಮರಳಿಸಿದ. ಹುಣಸೆ ಬೀಜ ಇಟ್ಟ ದಿನ ಮಗಳು ಗಡಿಗೆ ಅಲ್ಲಾಡಿಸಿ, ಸದ್ದು ಕೇಳಿ, ತೆರೆಯದೆಯೇ ಬದಿಗಿಟ್ಟಳು. "ಅಪ್ಪಾ, ಉಳಿದವನ್ನೆಲ್ಲಾ ಇವತ್ತ ಕೊಟ್ಟುಬಿಡು. ಅತ್ತಿ ಬರೂವಾಗ ಬರ್ತಾಳ." ತರ್ಕ ನನ್ನದೇ ರಕ್ತದ್ದು; ಬೈಯುವಂತಿರಲಿಲ್ಲ. ತಳದ ಗಡಿಗೆಯನ್ನು ಮಾತ್ರ ಖಾಲಿ ಬಿಟ್ಟೆ. ಅದರಲ್ಲಿ ಅವ್ವ ಏನಿಟ್ಟಿದ್ದಳೆಂದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಅಕ್ಕ ಬಸ್ಸಿಳಿದು ಬಂದು ಕಾಲು ತೊಳೆಯುವಷ್ಟರಲ್ಲೇ ಅದನ್ನು ಕೇಳಿದೆ.

"ತಳದ ಗಡಿಗ್ಯಾಗ ಏನಿತ್ತೋ ನನಗೇನು ಗೊತ್ತೊ ತಮ್ಮಾ? ಆ ಪಂಚಮಿಗೆ ನಮ್ಮತ್ತಿ ನನ್ನ ಕಳಸಲೇ ಇಲ್ಲ."

"ನೀ ಬಂದಿದ್ದೆಲ್ಲಾ!"

"ದೀವಳಿಗಿಗೆ ಬಂದೆ. ಅಲ್ಲೀತನಕಾ ಅವ್ವ, ತಳದ ಗಡಿಗಿ ಬಂತು ಅನ್ನೂದ್ರಾಗ ನಿನ್ನ ಹೊರಗ ಆಡಾಕ ಅಟ್ಟಿ, ಮತ್ತ ಎಲ್ಲಾ ತುಂಬಿ ಏರಸತಿದ್ದಳಂತ. 'ನೀ ಎಣಸೂದು ತಪ್ಪಿದಿ' ಅಂತಿದ್ದಳಂತ. ನೀ ಹೂಂ ಅಂತಿದ್ದೆಂತ, ಶಾಣ್ಯಾ!"

ಹೆಂಡತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದ್ದ ನಾಲ್ಕಾರು ಗಡಿಗೆಗಳೇ ಮತ್ತೆ ಮತ್ತೆ ಏರಿ ನನ್ನ ತಲೆಯಲ್ಲಿ ಜಂತಿ ಮುಟ್ಟಿದ್ದವು. ಆದರೂ ಸೋಲೊಪ್ಪದೆ, "ಹಸಿರು ಸೀರಿ ಉಟ್ಟು ಬಾಗಿಲದಾಗ ನಿಂತಿದ್ದೆಲ್ಲಾ?" ಎಂದೆ.

ಅಕ್ಕ ತಂಬಿಗೆ ಕೆಳಗಿಟ್ಟಳು. "ಹಸರ ಸೀರಿ ಅವ್ವಂದೊ. ಆಕೀನೂ ದಾರಿ ನೋಡಾಕತ್ತಿರಬೇಕು."

ಹಬ್ಬ ಮುಗಿಸಿ ಅಕ್ಕ ಬಸ್ಸು ಹತ್ತಿದಳು. ಮನೆಗೆ ಬಂದವನೇ ನಾನು ಗಡಿಗೆಗಳನ್ನು ಒಂದೊಂದಾಗಿ ತುಂಬಿ ನೆಲುವಿಗೇರಿಸತೊಡಗಿದೆ.

"ಇನ್ನ ಯಾರು ಬರೋರದಾರ್ರಿ?" ಎಂದಳು ಹೆಂಡತಿ.

"ಹುಡುಗೂರಿಗೆ ಇರಲಿ ಅಂತ."

ಹುಡುಗರು ಗೋಲಿಯಾಟದಿಂದ ತಿರುಗಿಯೂ ನೋಡಲಿಲ್ಲ. ಮರುದಿನ ಮೇಲಿನ ಗಡಿಗೆಯನ್ನು ನಾನೇ ಇಳಿಸಿದೆ. ತುಂಬಿದವನೂ ನಾನೇ, ಆದರೂ ಒಳಗೇನಿದೆ ಎಂಬುದು ನೆನಪಾಗದೆ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದೆ.